ಕಾಲು ಮೈಲಿ ಓಟದ ಅಂದಾಜು

ನಿಂತಲ್ಲಿಂದ ಹೊರಟ ಕಾರು ಕಾಲು ಮೈಲಿಯ (402 ಮೀಟರು) ನೇರ ದಾರಿಯನ್ನು ಎಷ್ಟು ಸೆಕೆಂಡಿಗೆ ಮುಗಿಸೀತು ಎಂದು ಎಂಜಿನ್ನಿನ ಅಶ್ವಶಕ್ತಿಯಿಂದ ಎಣಿಸುವ, ಇಲ್ಲವೇ ಓಟ ನೋಡಿ ಅಶ್ವಶಕ್ತಿಯನ್ನು ಅಂದಾಜಿಸುವ ವಿಧಾನ. ಡ್ರ್ಯಾಗ್ ರೇಸಿನವರಲ್ಲಿ ಬಳಕೆ.

ಚಾಲಕನೂ ಸೇರಿದ ತೂಕವನ್ನು ಪೌಂಡುಗಳಲ್ಲಿ ಹಿಡಿದು ಅಶ್ವಶಕ್ತಿಯಿಂದ ಭಾಗಿಸಿ, ಘನಮೂಲ ತೆಗೆಯಬೇಕು. ಅದನ್ನು 5.825ರಿಂದ ಗುಣಿಸಿದರೆ ಸೆಕೆಂಡು. 234ನ್ನು ಅದೇ ಘನಮೂಲದಿಂದ ಭಾಗಿಸಿದರೆ ಗೆರೆ ದಾಟುವ ವೇಗ, ಗಂಟೆಗೆ ಮೈಲಿಗಳಲ್ಲಿ. 1,000 ಕಿಲೋ ತೂಕ, 100 ಅಶ್ವಶಕ್ತಿಯ ಕಾರಿಗೆ 16.3 ಸೆಕೆಂಡು, ಗಂಟೆಗೆ 134 ಕಿ.ಮೀ. ಶಕ್ತಿ ಇಮ್ಮಡಿಯಾದರೂ ಸಮಯ ಇಳಿಯುವುದು 13 ಸೆಕೆಂಡಿಗಷ್ಟೇ. ಟೈರು ಜಾರಿದರೆ, ಕ್ಲಚ್ ಬಿಡುವುದು ತಡವಾದರೆ ಸೆಕೆಂಡು ಕೆಡುತ್ತದೆ, ಕೊನೆಯ ವೇಗ ಅಷ್ಟಾಗಿ ಕೆಡದು. ಶಕ್ತಿ ಅಳೆಯಲು ವೇಗವನ್ನೇ ನಂಬುವುದು ಮೇಲು.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 680 ಮೀಟರು ಮೇಲಿರುವ ಮಂಡ್ಯದಲ್ಲಿ ಗಾಳಿ ತೆಳು. ಟರ್ಬೊ ಇಲ್ಲದ ಎಂಜಿನ್ ಶೇ. 6–7ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ.

ಮದ್ದೂರು, ಮಂಡ್ಯದ ಬಳಿ ಹಾಯುವ ಬೆಂಗಳೂರು–ಮೈಸೂರು ಹೆದ್ದಾರಿ 2023ರಲ್ಲಿ ಉದ್ಘಾಟನೆಯಾಯಿತು. ನೇರವಾಗಿದೆಯೆಂದು ಅಲ್ಲಿ ಈ ಪ್ರಯೋಗ ಸಲ್ಲದು. ವೇಗಮಿತಿ 100 ಕಿ.ಮೀ.; ಮೇಲಿನ ಸಾಧಾರಣ ಕಾರೂ ಕಾಲು ಮೈಲಿಯೊಳಗೇ ಅದನ್ನು ಮೀರುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪಂದ್ಯ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ.