ದಂತವೈದ್ಯರ ಸಂಕಟ

ಹಲ್ಲುನೋವಿನ ಬಾಧೆಯನ್ನು ಅರಿಯದವರು ವಿರಳ. ಆ ನೋವನ್ನು ಹೋಗಲಾಡಿಸುವವನಿಗೂ ಒಂದು ಬಾಧೆಯುಂಟೆಂಬುದನ್ನು ಅರಿತವರು ಇನ್ನೂ ವಿರಳ. ಇಂಗ್ಲೆಂಡಿನ ದಂತವೈದ್ಯರ ಕಳೆದ ಮುಕ್ಕಾಲು ಶತಮಾನದ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

1948ನೆಯ ಇಸವಿ ಜುಲೈ 5ರಂದು ಆ ದೇಶದಲ್ಲಿ ರಾಷ್ಟ್ರೀಯ ಆರೋಗ್ಯಸೇವೆಯು ಪ್ರಾರಂಭವಾಯಿತು. ಬಡವ ಬಲ್ಲಿದರೆಂಬ ಭೇದವಿಲ್ಲದೆ ದಂತಚಿಕಿತ್ಸೆಯು ಎಲ್ಲರಿಗೂ ಧರ್ಮಾರ್ಥವಾಗಿ ದೊರೆಯತೊಡಗಿತು. ಎಷ್ಟೋ ವರ್ಷಗಳಿಂದ ನೋವನ್ನು ನುಂಗಿಕೊಂಡಿದ್ದ ಜನರು ಚಿಕಿತ್ಸಾಲಯಗಳಿಗೆ ಮುಗಿಬಿದ್ದರು. ಸರಕಾರವು ವೈದ್ಯರಿಗೆ ಸಂಬಳವನ್ನು ಗೊತ್ತುಮಾಡದೆ, ಮಾಡಿದ ಒಂದೊಂದು ಕೆಲಸಕ್ಕೂ ಇಂತಿಷ್ಟೆಂದು ಶುಲ್ಕವನ್ನು ಕೊಡುತ್ತಿದ್ದಿತು. ವೆಚ್ಚವು ಅಂದಾಜನ್ನು ಮೀರಿತು, ಶುಲ್ಕಗಳನ್ನು ಇಳಿಸಲಾಯಿತು. 1951ರಲ್ಲಿ ಕಟ್ಟುಹಲ್ಲುಗಳಿಗೆ ರೋಗಿಗಳಿಂದ ಹಣವನ್ನು ಪಡೆಯಬೇಕೆಂದು ಸರಕಾರವು ನಿರ್ಧರಿಸಲು, ಸೇವೆಯನ್ನು ಸ್ಥಾಪಿಸಿದ ಅನ್ಯೂರಿನ್ ಬೆವನ್ ಮಹಾಶಯನು ಮಂತ್ರಿಪದವಿಯನ್ನೇ ತ್ಯಜಿಸಿದನು. ಮರುವರ್ಷ ಚಿಕಿತ್ಸೆಗೂ ಒಂದು ಪೌಂಡಿನವರೆಗೆ ದರವು ಬಂದಿತು.

ಶುಲ್ಕವು ಇಳಿದಾಗ ವೈದ್ಯನು ಮಾಡಬಹುದಾದುದೇನು? ಅದೇ ಆದಾಯಕ್ಕೆ ಹೆಚ್ಚು ಬಾಯಿಗಳನ್ನು ನೋಡಬೇಕು. ಕೈ ಚುರುಕಾಗಬೇಕು, ಮಾತು ಮೊಟಕಾಗಬೇಕು. ಹೀಗೆ ಅವನ ಬಾಳು ಗಾಣದೆತ್ತಿನ ಬಾಳಾಯಿತು. 1992ರಲ್ಲಿ ಶುಲ್ಕವನ್ನು ನೂರಕ್ಕೆ 7ರಂತೆ ಕಡಮೆಮಾಡಿದಾಗ ಅನೇಕರು ಬೇಸತ್ತು ಖಾಸಗಿ ವೃತ್ತಿಯ ಕಡೆಗೆ ತಿರುಗಿದರು.

ಈ ಗಾಣವನ್ನು ನಿಲ್ಲಿಸುವೆವೆಂದು 2006ರ ಏಪ್ರಿಲಿನಲ್ಲಿ ಹೊಸ ಕರಾರೊಂದನ್ನು ತಂದರು. ಅದರಂತೆ ಚಿಕಿತ್ಸೆಯನ್ನು ಅಂಕಗಳಲ್ಲಿ ಅಳೆಯತೊಡಗಿದರು: ತಪಾಸಣೆಗೆ 1, ಹುಳುಕು ತುಂಬುವುದಕ್ಕೆ 3, ಹಲ್ಲಿಗೆ ಕವಚ ತೊಡಿಸುವುದಕ್ಕೆ 12. ವರ್ಷಕ್ಕೆ ಇಷ್ಟು ಅಂಕಗಳೆಂದು ಗೊತ್ತುಮಾಡಿ, ಕೊರತೆಯು ಮಿತಿಮೀರಿದರೆ ಹಣವನ್ನು ಹಿಂದಕ್ಕೆ ಪಡೆಯುವ ಏರ್ಪಾಡಾಯಿತು. ವಿಪರೀತವಿದ್ದುದು ಇಲ್ಲಿಯೇ. ಒಂದು ಹಲ್ಲನ್ನು ತುಂಬಿದರೂ 3 ಅಂಕ, ಆರು ಹಲ್ಲುಗಳನ್ನು ತುಂಬಿದರೂ ಅದೇ 3 ಅಂಕ. ಬಹುಕಾಲ ಆರೈಕೆ ಕಾಣದ ಬಡವನ ಬಾಯಿಯೇ ವೈದ್ಯನಿಗೆ ಹೆಚ್ಚಿನ ನಷ್ಟವನ್ನು ತರುವಂತಾಯಿತು. ದವಡೆಹಲ್ಲಿನ ಬೇರನ್ನು ತಾಳ್ಮೆಯಿಂದ ಶೋಧಿಸಿ ಉಳಿಸಿದವನಿಗೂ, ಅದನ್ನು ಕಿತ್ತೆಸೆದವನಿಗೂ ಒಂದೇ ಪ್ರತಿಫಲ. ಅಂತಃಕರಣವುಳ್ಳವನು ತನ್ನ ಸಮಯವನ್ನು ದಾನಮಾಡಬೇಕು. ಇಲ್ಲವಾದರೆ ಅಂತಃಕರಣವನ್ನೇ ಬಿಡಬೇಕು. ಹಲ್ಲನ್ನು ಉಳಿಸುವ ವಿದ್ಯೆಯನ್ನು ಕಲಿತುಬಂದ ತರುಣರಿಗೆ ಇದಕ್ಕಿಂತ ಮಿಗಿಲಾದ ಆಶಾಭಂಗವುಂಟೇ?

ಹದಿನಾರು ವರ್ಷಗಳ ತರುವಾಯ, 2022ರ ನವೆಂಬರಿನಲ್ಲಿ, ಮೂರು ಅಥವಾ ಹೆಚ್ಚು ಹಲ್ಲುಗಳ ಚಿಕಿತ್ಸೆಗೆ 5, ದವಡೆಹಲ್ಲಿನ ಬೇರಿನ ಚಿಕಿತ್ಸೆಗೆ 7 ಅಂಕಗಳೆಂದು ತಿದ್ದುಪಡಿಯಾಯಿತು. ಆದರೆ ಅಷ್ಟರಲ್ಲಿ ಸೇವೆಯಿಂದ ಅನೇಕ ವೈದ್ಯರ ಮನಸ್ಸು ಕಳಚಿಕೊಂಡಿದ್ದಿತು. 2023ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಕರಾರನ್ನು ಬುಡದಿಂದಲೇ ಸುಧಾರಿಸಬೇಕೆಂದು ಹೇಳಿತು. 2024ರ ಫೆಬ್ರವರಿಯಲ್ಲಿ ಬ್ರಿಸ್ಟಲ್ ನಗರದಲ್ಲಿ ಹೊಸದಾಗಿ ತೆರೆದ ಚಿಕಿತ್ಸಾಲಯವೊಂದರ ಮುಂದೆ ನೂರಾರು ಜನರು ಸಾಲುಗಟ್ಟಿ ನಿಂತರು. ಸಾಲನ್ನು ಹತೋಟಿಯಲ್ಲಿಡಲು ಪೋಲೀಸರೇ ಬರಬೇಕಾಯಿತು.

ಜನರು 1948ರಲ್ಲಿಯೂ ಮುಗಿಬಿದ್ದಿದ್ದರು, 2024ರಲ್ಲಿಯೂ ಮುಗಿಬಿದ್ದರು. ಅಂದು ಬಾಗಿಲು ತೆರೆಯಿತೆಂಬ ಸಂತೋಷ, ಇಂದು ಬಾಗಿಲು ಮುಚ್ಚೀತೆಂಬ ಭಯ. ಕಿತ್ತ ಹಲ್ಲನ್ನು ಎಣಿಸಬಹುದು, ತುಂಬಿದ ಹಲ್ಲನ್ನೂ ಎಣಿಸಬಹುದು. ಕೆಡದಂತೆ ಕಾಪಾಡಿದ ಹಲ್ಲನ್ನು ಎಣಿಸುವ ಲೆಕ್ಕವನ್ನು ಮಾತ್ರ ಯಾವ ಸರಕಾರವೂ ಕಂಡುಹಿಡಿಯಲಿಲ್ಲ. ವೈದ್ಯನ ಸಾರ್ಥಕತೆಯೂ ರೋಗಿಯ ಕ್ಷೇಮವೂ ಆ ಎಣಿಸಲಾಗದ ಹಲ್ಲಿನಲ್ಲಿಯೇ ನೆಲೆಸಿರುವುವು.