ನೀರಿನಲ್ಲಿ ಅಳೆದದ್ದು, ಒಡಲಿಗೆ ಲೆಕ್ಕ ಹಾಕಿದ್ದು

ಕಳೆದ ತಿಂಗಳು ಅಕ್ಕನ ಜೊತೆ ಸ್ಕ್ಯಾನಿಂಗಿಗೆ ಹೋಗಿದ್ದೆ. ಪರದೆಯ ಮೂಲೆಯಲ್ಲಿ ‘ಎಂಐ’, ‘ಟಿಐ’ ಎಂಬ ಎರಡು ಪುಟ್ಟ ಅಂಕಿಗಳು ಬದಲಾಗುತ್ತಿದ್ದವು. “ಈ ಶಬ್ದ ಮಗುವಿಗೆ ಎಷ್ಟು ತಾಗುತ್ತೆ ಕಣೇ?” ಎಂದಳು ಅಕ್ಕ. ವಿಜ್ಞಾನದ ಇತಿಹಾಸದಲ್ಲೇ ಪಿಎಚ್.ಡಿ. ಮಾಡುತ್ತಿದ್ದರೂ ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕಿದಾಗ ತಿಳಿಯಿತು: ಆ ಅಂಕಿಗಳ ಮೂಲ ನೀರಿನ ತೊಟ್ಟಿಯಲ್ಲಿದೆ.

ಈ ಧ್ವನಿಗೆ ನೋಯಿಸುವ ಬಲವಿದೆಯೆಂದು ಮೊದಲೇ ಗೊತ್ತಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿಗಳ ಪತ್ತೆಗೆ ಪ್ರಯೋಗ ನಡೆಸಿದ ಫ್ರಾನ್ಸಿನ ಪಾಲ್ ಲಾಂಜೆವಾಂ, ಅಲೆಗಳ ದಾರಿಗೆ ಬಂದ ಮೀನುಗಳು ಸತ್ತದ್ದನ್ನೂ ನೀರಿಗಿಟ್ಟ ಕೈ ನೋಯುವುದನ್ನೂ ಗಮನಿಸಿದ್ದರು. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರ ಲೇಖನ ‘ಲ್ಯಾನ್ಸೆಟ್’ನಲ್ಲಿ ಬಂದ ಮೇಲೆ ಅದೇ ಧ್ವನಿ, ಬಲು ಸೌಮ್ಯವಾಗಿ, ಬಸುರಿಯರ ಹೊಟ್ಟೆಗೂ ಬಂತು.

ಗರ್ಭದೊಳಗೆ ಅಳತೆಯ ಮೈಕು ಇಡಲಾಗದು. ಹಾಗಾಗಿ ಹೈಡ್ರೋಫೋನನ್ನು ನೀರಿನಲ್ಲಿಟ್ಟು ಅಳೆಯುತ್ತಾರೆ. ಆದರೆ ನೀರು ಈ ಧ್ವನಿಯನ್ನು ಹೀರುವುದು ಅತ್ಯಲ್ಪ. ದೇಹ ಹೆಚ್ಚು ಹೀರುತ್ತದೆ. ಅದಕ್ಕಾಗಿ ಅಮೆರಿಕದ ಎಫ್‌ಡಿಎ 1980ರ ದಶಕದಲ್ಲಿ ಒಂದು ವಜಾ ಲೆಕ್ಕ ತಂದಿತು: ಪ್ರತಿ ಸೆಂಟಿಮೀಟರಿಗೆ, ಪ್ರತಿ ಮೆಗಾಹರ್ಟ್ಸ್‌ಗೆ 0.3 ಡೆಸಿಬೆಲ್. 3 ಮೆಗಾಹರ್ಟ್ಸ್ ಅಲೆ 5 ಸೆಂಟಿಮೀಟರ್ ಒಳಗಿಳಿದರೆ 4.5 ಡೆಸಿಬೆಲ್ ವಜಾ. ನೀರಿನಲ್ಲಿ 100 ಇದ್ದ ತೀವ್ರತೆ ಸುಮಾರು 35ಕ್ಕೆ ಇಳಿಯುತ್ತದೆ. ಮೃದು ಅಂಗಾಂಶ ಸಾಮಾನ್ಯವಾಗಿ 0.5 ಅಥವಾ ಅದಕ್ಕೂ ಹೆಚ್ಚು ಹೀರುತ್ತದೆ. ಎಚ್ಚರಿಕೆಗೆಂದೇ ಕಡಿಮೆ ಕಳೆದರು.

ಆದರೂ ತುಂಬಿದ ಮೂತ್ರಕೋಶ, ಗರ್ಭಜಲಗಳ ಮೂಲಕ ಸಾಗುವ ಧ್ವನಿಗೆ ಈ ವಜಾ ಅತಿಯಾದೀತು. ಪ್ರಬಲ ಅಲೆಯಂತೂ ನೀರಿನಲ್ಲೇ ಆಕಾರ ಕೆಟ್ಟು ಶಕ್ತಿ ಕಳೆದುಕೊಳ್ಳುವುದರಿಂದ ಮೂಲ ಅಳತೆಯೇ ಕಡಿಮೆ ಬರಬಹುದು.

ಮಿತಿಗಳ ಕಥೆ ಇನ್ನೂ ವಿಚಿತ್ರ. ಅವನ್ನು ನಿಗದಿ ಮಾಡಿದ್ದು 1976ರ ಅಮೆರಿಕದ ಕಾನೂನಿಗೆ ಮುಂಚೆಯೇ ಮಾರುಕಟ್ಟೆಯಲ್ಲಿದ್ದ ಯಂತ್ರಗಳ ಮಟ್ಟ ನೋಡಿ. ಭ್ರೂಣಕ್ಕೆ ಚದರ ಸೆಂಟಿಮೀಟರಿಗೆ 94 ಮಿಲಿವ್ಯಾಟ್ ಇದ್ದ ಮಿತಿ, 1990ರ ದಶಕದಲ್ಲಿ 720ಕ್ಕೇರಿತು. ಷರತ್ತು ಇಷ್ಟೇ: ಬಿಸಿಯ ಸಾಧ್ಯತೆ ಸೂಚಿಸುವ ಟಿಐ, ಒತ್ತಡದ ಪರಿಣಾಮ ಸೂಚಿಸುವ ಎಂಐ ಪರದೆಯಲ್ಲಿ ಕಾಣಬೇಕು. ಹೊಣೆಯ ದೊಡ್ಡ ಪಾಲು ಯಂತ್ರ ಹಿಡಿದ ಕೈಗೆ ಬಂತು.

ಅಕ್ಕನಿಗೆ ಹೇಳಿದೆ: ವೈದ್ಯರು ಅಗತ್ಯವೆಂದು ಮಾಡುವ ಸ್ಕ್ಯಾನಿಂಗಿನಿಂದ ಮಗುವಿಗೆ ಹಾನಿಯಾದದ್ದು ಸಾಬೀತಾಗಿಲ್ಲ, ಹೆದರಬೇಡ. ಆದರೆ ಆ ಅಂಕಿಯನ್ನು ನೋಡುವವರಿದ್ದರೆ ಮಾತ್ರ ಅದಕ್ಕೆ ಬೆಲೆ.

“ಸರಿ, ಮುಂದಿನ ಸಲ ನಾನೂ ಆ ಮೂಲೆ ನೋಡ್ತೀನಿ” ಎಂದಳು.