ವಿದ್ಯಾರ್ಥಿಗಳ ಸಂಶೋಧನೆಯೂ ವಿಜ್ಞಾನ ಮೇಳಗಳೂ: ಒಂದು ಇತಿಹಾಸಾವಲೋಕನ

ಗಡಿನಾಡಿನ ಕನ್ನಡ ಸಂಘದ ಸ್ಮರಣ ಸಂಚಿಕೆಯಲ್ಲಿ ಇತಿಹಾಸದ ಲೇಖನವೆಂದೊಡನೆ ವಾಚಕರು ಶಿಲಾಶಾಸನಗಳನ್ನೂ ವೀರಗಲ್ಲುಗಳನ್ನೂ ನಿರೀಕ್ಷಿಸುವುದು ಸಹಜವೇ ಸರಿ. ಗೋವೆಯ ಕದಂಬರ ರಾಜಧಾನಿಯಾಗಿದ್ದ ಚಂದ್ರಪುರವು, ಎಂದರೆ ಇಂದಿನ ಚಾಂದೋರ್, ನಮ್ಮ ಸಾವರ್ಡೆಗೆ ಬಹು ದೂರವಲ್ಲ. ಇಲ್ಲಿಂದ ಮಡಗಾಂವಿಗೆ ರೈಲಿನಲ್ಲಿ ಹೋಗುವವರು ಅದನ್ನು ಹಾದೇ ಹೋಗುವರು. ಆ ಅರಸರ ಕನ್ನಡ ಶಾಸನಗಳನ್ನು ಕುರಿತು ಬಲ್ಲವರು ಸಾಕಷ್ಟು ಬರೆದಿರುವರು, ಇನ್ನೂ ಬರೆಯುವರು. ನಾವು ಈ ಸಲ ಎತ್ತಿಕೊಂಡಿರುವುದು ಅದಕ್ಕಿಂತ ಬಹು ಎಳೆಯದಾದ ಒಂದು ಇತಿಹಾಸವನ್ನು. ಶಾಲೆಯ ಮಕ್ಕಳು ತಾವೇ ಒಂದು ಪ್ರಶ್ನೆಯನ್ನು ಹಿಡಿದು, ತಾವೇ ಅಳೆದು ತೂಗಿ, ಕಂಡುದನ್ನು ಬರೆದು, ಅದಕ್ಕಾಗಿ ವಿಜ್ಞಾನ ಮೇಳಗಳಲ್ಲಿ ಗೌರವವನ್ನು ಪಡೆಯುವ ಪದ್ಧತಿ ಹೇಗೆ ಹುಟ್ಟಿತು, ಅದು ಕನ್ನಡದ ಮಕ್ಕಳವರೆಗೆ ಯಾವ ದಾರಿಯಿಂದ ಬಂದಿತು ಎಂಬುದೇ ಇಲ್ಲಿಯ ವಿಷಯ.

ಇದನ್ನು ಎತ್ತಿಕೊಳ್ಳಲು ಕಾರಣವುಂಟು. ಗೋವೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಅಕ್ಷರ ಕಲಿತ ನಮ್ಮ ಮಕ್ಕಳಲ್ಲಿ ಅನೇಕರು ಮೇಲಿನ ತರಗತಿಗಳಲ್ಲಿ ಬೇರೊಂದು ಮಾಧ್ಯಮವನ್ನು ಹೊಗುವರು. ಹೀಗೆ ದಾಟುವ ಕಾಲದಲ್ಲಿ ಮಗುವಿನ ನಾಲಗೆ ಕಟ್ಟುತ್ತದೆ; ಬಲ್ಲುದನ್ನೂ ಹೇಳಲಾರದೆ ಅದು ಹಿಂದಿನ ಬೆಂಚಿನಲ್ಲಿ ಕುಳಿತುಬಿಡುತ್ತದೆ. ವಿಜ್ಞಾನವೆಂಬುದು ತನ್ನದಲ್ಲ, ಬೇರೆ ಭಾಷೆಯವರ ಸೊತ್ತು ಎಂದು ಆ ವಯಸ್ಸಿನಲ್ಲಿಯೇ ನಿಶ್ಚಯಿಸಿಬಿಡುವ ಮಕ್ಕಳುಂಟು. ತಾಯಿತಂದೆಯರೂ ಹಾಗೆಯೇ ಎಂದುಕೊಳ್ಳುವರು. ಈ ನಿಶ್ಚಯಕ್ಕೆ ಆಧಾರವಿದೆಯೇ ಎಂಬುದನ್ನು ವಾಚಕರೇ ನೋಡಲಿ.

ವಿದ್ಯಾರ್ಥಿಯು ಸಂಶೋಧನೆ ಮಾಡಬಲ್ಲನೆಂಬುದಕ್ಕೆ ನಮ್ಮ ದೇಶದಲ್ಲಿ ಮೇಳಗಳಿಗಿಂತ ಬಹು ಹಿಂದಿನ ಸಾಕ್ಷ್ಯವಿದೆ. 1906ರ ನವೆಂಬರಿನಲ್ಲಿ ಲಂಡನ್ನಿನ ‘ಫಿಲಸಾಫಿಕಲ್ ಮ್ಯಾಗಜಿನ್’ ಎಂಬ ಪತ್ರಿಕೆಯಲ್ಲಿ ಬೆಳಕಿನ ವಿವರ್ತನೆಯನ್ನು ಕುರಿತ ಲೇಖನವೊಂದು ಅಚ್ಚಾಯಿತು. ಬರೆದವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇನ್ನೂ ಓದುತ್ತಿದ್ದ ಚಂದ್ರಶೇಖರ ವೆಂಕಟರಾಮನ್. 1888ರ ನವೆಂಬರ್ 7ರಂದು ಹುಟ್ಟಿದ ಅವರಿಗೆ ಆಗ 18 ವರ್ಷ. 1930ರ ನೊಬೆಲ್ ಪಾರಿತೋಷಕವೂ 1933ರಲ್ಲಿ ಬೆಂಗಳೂರಿಗೆ ಬಂದುದೂ ಮುಂದಿನ ಮಾತು. ಆದರೆ ರಾಮನ್ನರಂಥವರು ಬಂಡೆಯ ಬಿರುಕಿನಲ್ಲಿ ತಾನಾಗಿ ಮೊಳೆಯುವ ಅಶ್ವತ್ಥದ ಹಾಗೆ. ಅವರಿಗೆ ಮೇಳವೂ ಬೇಡ, ತೀರ್ಪುಗಾರರೂ ಬೇಡ. ಸಾಮಾನ್ಯ ಮನೆಗಳ ಸಾಮಾನ್ಯ ಮಕ್ಕಳಿಗೆ ಪಾತಿ ಮಾಡಿ ನೀರೆರೆಯುವ ಏರ್ಪಾಡು ಬೇಕಾಗುತ್ತದೆ.

ಅಂಥ ಏರ್ಪಾಡು ಮೊದಲು ರೂಪುಗೊಂಡುದು ಅಮೆರಿಕದಲ್ಲಿ. ಅಲ್ಲಿ 1942ರಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳಿಗಾಗಿ ವಿಜ್ಞಾನ ಪ್ರತಿಭಾಶೋಧ ಪ್ರಾರಂಭವಾಯಿತು. 1950ರಲ್ಲಿ ಫಿಲಡೆಲ್ಫಿಯ ನಗರದಲ್ಲಿ ಮೊದಲ ರಾಷ್ಟ್ರೀಯ ವಿಜ್ಞಾನ ಮೇಳ ನೆರೆಯಿತು. ಮುಂದೆ ಅದೇ ಅಂತರರಾಷ್ಟ್ರೀಯ ಮೇಳವಾಗಿ ಬೆಳೆಯಿತು.

ಕನ್ನಡ ನಾಡಿನಲ್ಲಿ ಮೇಳಕ್ಕಿಂತ ಮೊದಲು ಭಾಷೆಯನ್ನು ಅಣಿಗೊಳಿಸಬೇಕಾಗಿದ್ದಿತು. ಆ ಕೆಲಸಕ್ಕೆ ಕೈಯಿಟ್ಟವರು ಬೆಂಗಳೂರಿನ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ. 1918ರಲ್ಲಿ ಅವರು ಹೊರಡಿಸಿದ ‘ವಿಜ್ಞಾನ’ ಮಾಸಪತ್ರಿಕೆ ಎರಡು ವರ್ಷಗಳಲ್ಲಿ ನಿಂತುಹೋದರೂ ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ಸಿದ್ಧಮಾಡಿ ತೋರಿಸಿತು. ಬಳಿಕ 1936ರಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಹೊರತಂದರು. ಕಾರಂತರು ಆ ಕಾಲದಲ್ಲಿ ಪುತ್ತೂರಿನಲ್ಲಿ ನೆಲಸಿ ಮಕ್ಕಳ ಕೂಟವನ್ನು ನಡೆಸುತ್ತಿದ್ದರೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಪುತ್ತೂರಿನ ಹೆಸರು ಈ ಲೇಖನದಲ್ಲಿ ಮತ್ತೊಮ್ಮೆ ಬರಲಿದೆ.

1961ನೆಯ ಇಸವಿ ನಮಗೆ ಎರಡು ಬಗೆಯಿಂದ ಮುಖ್ಯ. ಆ ವರ್ಷದ ಡಿಸೆಂಬರ್ 19ರಂದು ಗೋವೆ ಪೋರ್ತುಗೀಜರಿಂದ ಬಿಡುಗಡೆ ಹೊಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು ಸ್ಥಾಪಿತವಾಗಿದ್ದಿತು. ಈ ಪರಿಷತ್ತು 1963ರಲ್ಲಿ ದಿಲ್ಲಿಯಲ್ಲಿ ಕೇವಲ 10 ವಿದ್ಯಾರ್ಥಿವೇತನಗಳೊಡನೆ ವಿಜ್ಞಾನ ಪ್ರತಿಭಾಶೋಧವನ್ನು ಪ್ರಾರಂಭಿಸಿ, 1964ರಲ್ಲಿ ಅದನ್ನು 350 ವಿದ್ಯಾರ್ಥಿವೇತನಗಳಿಗೆ ಏರಿಸಿ ದೇಶಕ್ಕೆಲ್ಲ ವಿಸ್ತರಿಸಿತು. ಅದರ ನಿಯಮಗಳಲ್ಲಿ ಒಂದು ನಮ್ಮ ಗಮನವನ್ನು ಸೆಳೆಯತಕ್ಕದ್ದು: ಅಭ್ಯರ್ಥಿಯು ಲಿಖಿತ ಪರೀಕ್ಷೆಗೆ ಬರುವಾಗ ತಾನು ಸ್ವತಃ ಮಾಡಿದ ಅಧ್ಯಯನದ ವರದಿಯೊಂದನ್ನು ತಂದೊಪ್ಪಿಸಬೇಕಾಗಿದ್ದಿತು. ಉರುಹೊಡೆದು ಬರೆಯುವುದಕ್ಕೂ ಕೈಯಾರೆ ಮಾಡಿ ತಿಳಿಯುವುದಕ್ಕೂ ಇರುವ ಅಂತರವನ್ನು ಪರೀಕ್ಷಕರು ಬಲ್ಲವರಾಗಿದ್ದರು. ಮುಂದೆ ಈ ಯೋಜನೆಯ ರೂಪವೂ ಹೆಸರೂ ಬದಲಾಗಿ, ವಿಜ್ಞಾನವೊಂದಕ್ಕೇ ಇದ್ದ ಬೇಲಿ ಹೋಯಿತು. ವಿದ್ಯಾರ್ಥಿವೇತನಗಳ ಸಂಖ್ಯೆ 500ಕ್ಕೆ ಏರಿತು. ಆದರೆ ವರದಿಯ ಜಾಗದಲ್ಲಿ ಸರಿಯುತ್ತರಕ್ಕೆ ಗುರುತು ಹಾಕುವ ಪ್ರಶ್ನೆಪತ್ರಿಕೆಗಳು ಬಂದು ಕುಳಿತವು. ಸಾವಿರಾರು ಮಕ್ಕಳ ವರದಿಗಳನ್ನು ಓದುವುದು ಕಷ್ಟವೆಂಬುದು ನಮಗೆ ತಿಳಿಯದ ವಿಷಯವಲ್ಲ. ಆದರೂ ಅಂದು ಕಳೆದುಕೊಂಡುದು ಅಲ್ಪವಲ್ಲವೆಂದೇ ನಮ್ಮ ಅಭಿಪ್ರಾಯ.

1971ರಿಂದ ಅದೇ ಪರಿಷತ್ತು ಮಕ್ಕಳ ರಾಷ್ಟ್ರೀಯ ವಿಜ್ಞಾನ ಪ್ರದರ್ಶನವನ್ನು ನಡೆಸತೊಡಗಿತು. 1988ರಲ್ಲಿ ಅದಕ್ಕೆ ಜವಾಹರಲಾಲ ನೆಹರೂ ಅವರ ಹೆಸರನ್ನಿಟ್ಟರು. ಶಾಲೆ, ತಾಲ್ಲೂಕು, ಜಿಲ್ಲೆಗಳ ಮೆಟ್ಟಿಲೇರಿ ಹೋಗುವ ಪ್ರದರ್ಶನಗಳು ನಮ್ಮ ಮಕ್ಕಳಿಗೆಲ್ಲ ಪರಿಚಿತವಾದುದು ಇದರಿಂದಲೇ. ಪ್ರದರ್ಶನದಿಂದ ಉಪಕಾರವಾಗಿಲ್ಲವೆಂದು ಯಾರೂ ಹೇಳಲಾರರು. ಆದರೆ ಅಡಿಗೆಯ ಸೋಡದ ಮೇಲೆ ವಿನಿಗರ್ ಸುರಿದು ಉಕ್ಕಿಸುವ ಜ್ವಾಲಾಮುಖಿಯನ್ನೂ, ಪೇಟೆಯಿಂದ ಕೊಂಡು ತಂದ ಸಾಮಾನುಗಳನ್ನು ಜೋಡಿಸಿದ ಮಾದರಿಯನ್ನೂ ವರ್ಷ ವರ್ಷವೂ ನೋಡಿ ನೋಡಿ ನಮ್ಮ ಕಣ್ಣು ಸೋತಿದೆ. ಉತ್ತರವು ಮೊದಲೇ ಗೊತ್ತಿರುವ ಕಡೆ ಶೋಧನೆಗೆ ಎಡೆಯೆಲ್ಲಿ? ಹಣವುಳ್ಳ ಮನೆಯ ಮಾದರಿ ದೊಡ್ಡದಾಗುತ್ತದೆ, ಬಡವನದು ಚಿಕ್ಕದಾಗುತ್ತದೆ, ಅಷ್ಟೆ.

ಈ ಕೊರತೆಯನ್ನು ತುಂಬಿದ ಪ್ರಯತ್ನವೊಂದು ಮುಂದೆ ಬಂದಿತು. 1982ರಲ್ಲಿ ಕೇಂದ್ರ ಸರಕಾರವು ವಿಜ್ಞಾನ ಸಂವಹನಕ್ಕಾಗಿ ಪರಿಷತ್ತೊಂದನ್ನು ನಿರ್ಮಿಸಿದ್ದಿತು. 1987ರ ಅಕ್ಟೋಬರ್ 2ರಂದು ದೇಶದ ಐದು ದಿಕ್ಕುಗಳಿಂದ ಹೊರಟ ಭಾರತ ಜನವಿಜ್ಞಾನ ಜಾಥಾ, ರಾಮನ್ನರ ಹುಟ್ಟುಹಬ್ಬವಾದ ನವೆಂಬರ್ 7ರಂದು ಭೋಪಾಲದಲ್ಲಿ ಸಂಗಮಿಸಿತು. ಆ ಜಾಥಾದಲ್ಲಿ ಒಂದುಗೂಡಿದ ಸಂಸ್ಥೆಗಳು ಮುಂದೆ ಒಂದು ಜಾಲವಾಗಿ ನಿಂತವು. ಮಧ್ಯಪ್ರದೇಶದ ಗ್ವಾಲಿಯರಿನ ವಿಜ್ಞಾನ ಕೇಂದ್ರವು ತನ್ನ ಸೀಮೆಯಲ್ಲಿ ನಡೆಸಿಕೊಂಡು ಬಂದಿದ್ದ ಮಕ್ಕಳ ಸಮಾವೇಶವನ್ನು ಈ ಜಾಲವು 1993ರಲ್ಲಿ ದೇಶಮಟ್ಟಕ್ಕೆ ಏರಿಸಿತು. ಅದೇ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. ಕರ್ನಾಟಕದಲ್ಲಿ ಇದರ ಹೊಣೆಯನ್ನು ಹೊತ್ತುದು 1980ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಜೆ. ಆರ್. ಲಕ್ಷ್ಮಣರಾಯರ ಸಂಪಾದಕತ್ವವನ್ನು ಪಡೆದಿದ್ದ ‘ಬಾಲ ವಿಜ್ಞಾನ’ ಮಾಸಪತ್ರಿಕೆಯೂ ಈ ಪರಿಷತ್ತಿನದೇ.

ಸಮಾವೇಶದ ಪದ್ಧತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಏಕೆಂದರೆ ಅದರ ಮರ್ಮವಿರುವುದು ಅಲ್ಲಿಯೇ. ಭಾಗವಹಿಸತಕ್ಕವರು 10ರಿಂದ 17 ವರ್ಷದ ಮಕ್ಕಳು. ಮೊದಮೊದಲು ಐವರವರೆಗಿನ ತಂಡವಿರುತ್ತಿದ್ದಿತು, ಈಚೆಗೆ ಇಬ್ಬರದಾಯಿತು. ಎರಡೆರಡು ವರ್ಷಗಳಿಗೆ ಒಂದು ಮುಖ್ಯ ವಿಷಯವನ್ನು ಗೊತ್ತುಮಾಡುವರು: 2010 ಮತ್ತು 2011ರಲ್ಲಿ ಭೂಸಂಪತ್ತು, 2012 ಮತ್ತು 2013ರಲ್ಲಿ ಶಕ್ತಿ, 2014 ಮತ್ತು 2015ರಲ್ಲಿ ಹವೆ ಹಾಗೂ ವಾಯುಗುಣ, ಹೀಗೆ. ಮಕ್ಕಳು ಆ ವಿಷಯದೊಳಗೆ ತಮ್ಮ ಊರಿನದೇ ಆದ ಒಂದು ಪ್ರಶ್ನೆಯನ್ನು ಹುಡುಕಿಕೊಳ್ಳಬೇಕು. ಮಾದರಿಯನ್ನು ಕಟ್ಟಿ ನಿಲ್ಲಿಸುವ ಗೊಡವೆಯಿಲ್ಲ. ಬಾವಿಗಳನ್ನು ಎಣಿಸಬಹುದು, ಮಳೆಯನ್ನು ಅಳೆಯಬಹುದು, ಅಜ್ಜಿಯರನ್ನು ಕೇಳಿ ಬಿತ್ತನೆಯ ಬೀಜಗಳ ಹೆಸರನ್ನು ಬರೆದುಕೊಳ್ಳಬಹುದು. ದಿನ ದಿನವೂ ಮಾಡಿದುದನ್ನು ದಿನಚರಿಯಲ್ಲಿ ಬರೆಯಲೇಬೇಕು. ತೀರ್ಪುಗಾರರು ಆ ದಿನಚರಿಯನ್ನು ತಿರುವಿ ನೋಡುವರು. ಇದೆಲ್ಲಕ್ಕಿಂತ ನಮಗೆ ಪ್ರಿಯವಾದ ಅಂಶವೊಂದಿದೆ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಇರುವ ಭಾಷೆಗಳಲ್ಲಿ ಮಕ್ಕಳು ತಮಗೆ ಬರುವುದರಲ್ಲಿ ವರದಿಯನ್ನು ಬರೆಯಲು ಅಲ್ಲಿ ಅವಕಾಶವಿತ್ತರು. ಕನ್ನಡವು ಆ ಅನುಸೂಚಿಯಲ್ಲಿ ಮೊದಲಿನಿಂದಲೂ ಇದೆ. ಗೋವೆಯ ರಾಜಭಾಷೆಯಾದ ಕೊಂಕಣಿ 1992ರಲ್ಲಿ ಸೇರಿತು. ಹೀಗಿರಲು ನಮ್ಮ ಮಗುವೂ ನೆರೆಮನೆಯ ಕೊಂಕಣಿ ಮಗುವೂ ಒಂದೇ ತಂಡದಲ್ಲಿ ಕೂಡಿ ಒಂದೇ ಬಾವಿಯ ನೀರನ್ನು ಅಳೆಯುವುದಕ್ಕೆ ಅಡ್ಡಿಯೇನು?

ಇನ್ನು ಪುತ್ತೂರಿನ ಮಾತು. ಆ ಸೀಮೆಯಲ್ಲಿ ರಬ್ಬರಿನ ತೋಟಗಳು ಹೆಚ್ಚು. ಮರದಿಂದ ಇಳಿಸಿದ ಹಾಲಿನೊಳಗೆ ರಬ್ಬರಿನ ಕಣಗಳು ಒಂದನ್ನೊಂದು ಮುಟ್ಟದೆ ತೇಲಾಡುತ್ತಿರುವುವು. ಅವುಗಳ ಮೇಲಿನ ವಿದ್ಯುದಂಶವು ಒಂದೇ ಬಗೆಯದಾದುದರಿಂದ ಪರಸ್ಪರ ದೂಡಿಕೊಳ್ಳುವುವು. ಆಮ್ಲವನ್ನು ಬೆರಸಿದರೆ ಆ ವಿದ್ಯುದಂಶವು ಅಳಿದು ಕಣಗಳು ಕೂಡಿ ಹಾಲು ಹೆಪ್ಪುಗಟ್ಟುವುದು. ಹೆಪ್ಪು ಹಾಕಿದ ಹಾಲು ಮೊಸರಾದಂತೆಯೇ ಎನ್ನಬಹುದು. ಇದಕ್ಕಾಗಿ ಬೆಳೆಗಾರರು ಪೇಟೆಯಿಂದ ತರುವ ಫಾರ್ಮಿಕ್ ಆಮ್ಲವು ಮೈಗೆ ತಗಲಿದರೆ ಸುಡುವಂಥದು. ಪುತ್ತೂರಿನ ಇಬ್ಬರು ವಿದ್ಯಾರ್ಥಿಗಳು ಹಿತ್ತಿಲಲ್ಲಿ ಉದುರಿ ಕೊಳೆಯುತ್ತಿದ್ದ ಬಿಂಬುಳಿ ಕಾಯಿಯ ರಸದಿಂದ ಈ ಕೆಲಸವಾಗುವುದೇ ಎಂದು ಪರೀಕ್ಷಿಸಿದರು, ಆಯಿತು. ಗೋವೆಯ ಹಿತ್ತಿಲುಗಳಲ್ಲಿಯೂ ಬಿಂಬ್ಲಿ ಎಂಬ ಹೆಸರಿನಿಂದ ಇರುವುದು ಇದೇ ಕಾಯಿ. ಇಲ್ಲಿಯವರು ಸಾರಿಗೆ ಹಾಕುವರು, ಒಣಗಿಸಿಡುವರು. ಈ ಅಧ್ಯಯನವು 2018ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ನಡೆದ ಅಂತರರಾಷ್ಟ್ರೀಯ ಮೇಳದವರೆಗೆ ಹೋಗಿ ಗೌರವವನ್ನು ಪಡೆಯಿತು. ಅದಕ್ಕೆ ಹಿಂದಿನ ವರ್ಷ, 2017ರಲ್ಲಿ, ಬೆಂಗಳೂರಿನ ವಿದ್ಯಾರ್ಥಿನಿಯೊಬ್ಬಳು ಅದೇ ಮೇಳದಲ್ಲಿ ಮನ್ನಣೆ ಹೊಂದಿದ್ದಳು. ಕೆರೆಯ ನೀರಿನಲ್ಲಿ ಅದ್ದಿದ ಕಾಗದದ ಪಟ್ಟಿಯ ಬಣ್ಣವನ್ನು ಮೊಬೈಲಿನಿಂದ ಓದಿ, ನೀರಿನ ಗುಣವನ್ನು ಜನಸಾಮಾನ್ಯರೇ ದಾಖಲಿಸುವ ಉಪಾಯ ಅವಳದು. ಒಂದು ಕಿರುಗ್ರಹಕ್ಕೆ ಅವಳ ಹೆಸರನ್ನಿಟ್ಟರು. ಇಬ್ಬಗೆಯ ಸಾಧನೆಯೂ ದೊಡ್ಡದೇ. ನಮ್ಮ ಮನಸ್ಸು ಮಾತ್ರ ಬಿಂಬುಳಿಯ ಕಡೆಗೆ ಸ್ವಲ್ಪ ಹೆಚ್ಚು ವಾಲುತ್ತದೆಂದು ಹೇಳದಿರಲಾರೆವು.

ಗಡಿಯ ಕನ್ನಡಿಗರಿಗೆ ಮತ್ತೊಂದು ಹೆಸರು ಗೊತ್ತಿರಬೇಕು. ಕಾಸರಗೋಡಿನ ಪಡ್ರೆ ಗ್ರಾಮದ ಪತ್ರಕರ್ತರಾದ ಶ್ರೀ ಪಡ್ರೆಯವರು ವಿದ್ಯಾರ್ಥಿಗಳಲ್ಲವಾದರೂ ಪ್ರಸಂಗವಶಾತ್ ನೆನೆಯತಕ್ಕವರು. ಅಲ್ಲಿಯ ಗೇರುತೋಟಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲದಲ್ಲಿ, ಕರುಗಳು ಕಾಲು ತಿರುಚಿಕೊಂಡು ಹುಟ್ಟುತ್ತಿದ್ದುದನ್ನು ಕಂಡು 1979ರಲ್ಲಿಯೇ ಅವರು ಬರೆದರು. ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ನಿಷೇಧಿಸಿದುದು 2011ರಲ್ಲಿ. ಊರವರು ಕಣ್ಣಾರೆ ಕಂಡುದಕ್ಕೂ ನ್ಯಾಯಾಲಯದ ಆಜ್ಞೆಗೂ ನಡುವೆ 32 ವರ್ಷಗಳು ಕಳೆದುವು.

ಸಾವರ್ಡೆಗೆ ಬರೋಣ. 1887ರಲ್ಲಿ ಮುರ್ಮುಗೋವೆಯಿಂದ ಇಲ್ಲಿಯವರೆಗೆ ರೈಲು ಬಂದಿತು. 1888ರಲ್ಲಿ ಅದು ಘಟ್ಟವೇರಿ ಕ್ಯಾಸಲ್‌ರಾಕ್ ಮುಟ್ಟಿತು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ನಮ್ಮ ಹಿರಿಯರಲ್ಲಿ ಹಲವರು ಇಳಿದು ಬಂದುದು ಆ ದಾರಿಯಿಂದಲೇ. ಕಬ್ಬಿಣದ ಅದಿರು, ಲಾರಿ, ಜುವಾರಿ ನದಿಯ ಬಾರ್ಜುಗಳು, ಕೆಂಪು ಧೂಳು, ಇವುಗಳನ್ನು ವರ್ಣಿಸಬೇಕಾಗಿಲ್ಲ. ಗಣಿಗಳು 2012ರ ಸೆಪ್ಟೆಂಬರಿನಲ್ಲಿ ನಿಂತುವು. 2015ರಲ್ಲಿ ಮತ್ತೆ ತೊಡಗಿ, ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2018ರ ಮಾರ್ಚಿನಲ್ಲಿ ಪುನಃ ನಿಂತುವು. 2022ರ ಡಿಸೆಂಬರಿನಿಂದ ಗಣಿಪ್ರದೇಶಗಳ ಹರಾಜು ಮೊದಲಾಯಿತು. ಒಲೆ ಹೊತ್ತಿದ್ದೂ ಆರಿದ್ದೂ ಇದರ ಮೇಲೆಯೇ ನಿಂತಿದ್ದುದರಿಂದ ಈ ದಿನಾಂಕಗಳು ದೊಡ್ಡವರಿಗೆ ಸಂಬಳದ ದಿನಾಂಕಗಳಾಗಿ ನೆನಪಿರುವುವು. ಸಂಶೋಧಕನ ಕಣ್ಣಿಗೆ ಅವು ಮತ್ತೊಂದಾಗಿ ಕಾಣುವುವು. ಲಾರಿ ಓಡುವ ಕಾಲ, ಓಡದ ಕಾಲ, ಮತ್ತೆ ಓಡುವ ಕಾಲ: ಯಾವ ಪ್ರಯೋಗಶಾಲೆಯೂ ಹಣ ಕೊಟ್ಟು ಏರ್ಪಡಿಸಲಾರದ ಹೋಲಿಕೆಯು ನಮ್ಮ ಬಾಗಿಲ ಮುಂದೆಯೇ ನಡೆಯಿತು.

ಅದನ್ನು ಅಳೆಯಲು ಬೇಕಾದ ಸಾಮಗ್ರಿ ಅತ್ಯಲ್ಪ. ರಸ್ತೆಯ ಅಂಚಿನ ಹಲಸಿನ ಮರದಿಂದ ಹತ್ತು ಎಲೆ, ಊರೊಳಗಿನ ಹಲಸಿನಿಂದ ಅದೇ ಅಳತೆಯ ಹತ್ತು ಎಲೆ. ಎರಡನ್ನೂ ಬೇರೆ ಬೇರೆಯಾಗಿ ನೀರಿನಲ್ಲಿ ತೊಳೆದು, ಮೊದಲೇ ತೂಗಿಟ್ಟ ಸೋಸುಕಾಗದದಲ್ಲಿ ಸೋಸಿ, ಒಣಗಿಸಿ, ಅಕ್ಕಸಾಲಿಗನ ತಕ್ಕಡಿಯಲ್ಲಿ ಮತ್ತೆ ತೂಗಬೇಕು. ವಾರಕ್ಕೊಮ್ಮೆಯಂತೆ ಗಣೇಶ ಚೌತಿಯಿಂದ ಶಿಗ್ಮೋ ಹಬ್ಬದವರೆಗೆ ನಡೆಸಿದರೆ ಮಳೆಯ ಕಾಲವೂ ಒಣಕಾಲವೂ ಲೆಕ್ಕಕ್ಕೆ ಬರುವುವು. ಮಳೆ ಬಿದ್ದ ಮರುದಿನದ ಎಲೆಯನ್ನು ಒಣದಿನದ ಎಲೆಯೊಡನೆ ಹೋಲಿಸಬಾರದು; ಆದುದರಿಂದ ದಿನಚರಿಯ ಪುಟದಲ್ಲಿ ನಾಲ್ಕು ಅಂಕಣಗಳು ಬೇಕು, ನಾಲ್ಕನ್ನೂ ಕನ್ನಡದಲ್ಲಿಯೇ ಬರೆಯಬಹುದು: ದಿನಾಂಕ, ಹಿಂದಿನ ದಿನದ ಮಳೆ, ಒಂದು ಗಂಟೆಯಲ್ಲಿ ಹಾದ ಲಾರಿಗಳ ಸಂಖ್ಯೆ, ಎಲೆಯ ಮೇಲಿನ ಧೂಳಿನ ತೂಕ.